ಹಾಲುಗಣ್ಣಿನ ಮರಿ

ಮಗಳು ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಫೋಲ್ಡರ್ ತೆರೆದು ಮುಚ್ಚುತ್ತಿದ್ದಳು. ಮೂವತ್ತು ವರ್ಷ ಊರವರ ಮುಖವನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದ ಅಪ್ಪನ ಮುಖ ಮಾತ್ರ ಎಲ್ಲೂ ಇರಲಿಲ್ಲ. ನಿನ್ನೆ ಸಂಜೆ ತೀರಿಕೊಂಡವನನ್ನು ನಡುಮನೆಯಲ್ಲಿ ಮಲಗಿಸಿದ್ದರು.

"ಸಿಕ್ತೇನಮ್ಮಾ?" ಚಿಕ್ಕಪ್ಪ ಬಾಗಿಲಲ್ಲಿ ನಿಂತು ಕೇಳಿದ. "ಗಾಡಿ ಹನ್ನೊಂದಕ್ಕೆ ಬರುತ್ತೆ. ಹೂವಿನ ಪಕ್ಕ ಇಡೋಕೆ ಒಂದು ಫೋಟೋ ಬೇಡ್ವಾ?"

"ಬರೀ ಗೂಬೆಗಳೇ ಇವೆ, ಚಿಕ್ಕಪ್ಪ."

"ಇರ್ತವೆ. 'ಫೋಟೋ ಚೆನ್ನಾಗಿ ಬರ್ಲಿಲ್ಲ ಅಂತ ಎಲ್ಲರೂ ನನ್ನ ಮೇಲೇ ಗೂಬೆ ಕೂರಿಸ್ತಾರೆ, ಅದಕ್ಕೆ ನಾನೇ ಹೋಗಿ ಅದರ ಮುಂದೆ ಕೂತ್ಕೋತೀನಿ' ಅಂತಿದ್ದ." ಚಿಕ್ಕಪ್ಪ ನಗಲು ಹೋಗಿ ಮೂಗು ಒರೆಸಿಕೊಂಡ.

\*

ಆರು ವರ್ಷದ ಹಿಂದೆ ಅಪ್ಪ ಸ್ಟುಡಿಯೋದ ಗಾಜಿನ ಹಿಂದೆ ಮಗಳ ದೊಡ್ಡ ಫೋಟೋ ಇಟ್ಟಿದ್ದ. ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದು ಆದ ಕೆನ್ನೆಯ ಕಲೆಯನ್ನು ನುಣ್ಣಗೆ ಅಳಿಸಿಬಿಟ್ಟಿದ್ದ. ಅವಳು ರಸ್ತೆಯಲ್ಲಿ ನಿಂತು ಅದನ್ನು ನೋಡಿದಳು. ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟಳು.

ಅಪ್ಪನಿಗೆ ಗೂಬೆಯ ಹುಚ್ಚು ಹಿಡಿದದ್ದೂ ಆಗಲೇ. ಮುಚ್ಚಿಹೋದ ಹಿಟ್ಟಿನ ಗಿರಣಿಯ ಗೋಡೆಯ ಪೊಟರೆಯಲ್ಲಿ ಮೂರು ಮರಿಗಳಿದ್ದವು. ದಿನಾ ಸಂಜೆ ಏಣಿ ಹತ್ತಿ ಕೂರುತ್ತಿದ್ದ. ಫ್ಲ್ಯಾಶ್ ಹಾಕಿದರೆ ಮರಿಗಳ ಕಣ್ಣಿಗೆ ಪೆಟ್ಟೆಂದು ಇದ್ದ ಬೆಳಕಿನಲ್ಲೇ ತೆಗೆಯುತ್ತಿದ್ದ. ಕಪ್ಪಗೆ, ಮರಳು ಚೆಲ್ಲಿದಂತೆ ಬಂದ ಚಿತ್ರಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿಳಿಗೊಳಿಸುತ್ತಿದ್ದ. ನೆರಳನ್ನು ಎತ್ತಿ, ಮರಳನ್ನು ಒರೆಸಿ, ತುಪ್ಪುಳ ಎಳೆಎಳೆಯಾಗಿ ಕಾಣುವವರೆಗೂ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಗಳನ್ನು ಕರೆದ. "ಒಂದ್ನಿಮಿಷ ಬಾ. ಮಾತಾಡ್ಬೇಡ, ನೋಡಿದ್ರೆ ಸಾಕು."

ಪರದೆಯ ಮೇಲೆ ಒಂದೇ ಚಿತ್ರ ಎರಡು ಸಲ ಇತ್ತು. ಎಡಗಡೆಯದರಲ್ಲಿ ಕೊನೆಯ ಮರಿಯ ಒಂದು ಕಣ್ಣು ಹಾಲಿನಂತೆ ಬೆಳ್ಳಗಿತ್ತು. ಬಲಗಡೆಯದರಲ್ಲಿ ಎರಡೂ ಕಣ್ಣು ಫಳಫಳ ಹೊಳೆಯುತ್ತಿದ್ದವು.

"ಕ್ಯಾಲೆಂಡರ್‌ನವರು ಆರಿಸಿದ್ದಾರೆ. ಕಣ್ಣು ಸರಿ ಮಾಡಿ ಕಳಿಸಿ ಅಂದ್ರು. ಮಾಡಿದೆ, ಐದು ನಿಮಿಷದ ಕೆಲಸ." ಅಪ್ಪ ಕನ್ನಡಕ ತೆಗೆದ. "ಆದ್ರೆ ಏಣಿ ಹತ್ತಿದಾಗೆಲ್ಲ ಮೊದ್ಲು ಕತ್ತು ತಿರುಗಿಸಿ ನನ್ನ ನೋಡ್ತಿದ್ದಿದ್ದು ಇದೇ. ಈಗ ಯಾವ್ದೋ ಬೇರೆ ಮರಿ ಥರ ಕಾಣುತ್ತೆ. ಯಾವ್ದು ಕಳಿಸ್ಲಿ?"

"ನನ್ನ ಫೋಟೋ ಇಡೋವಾಗ ಕೇಳಿದ್ಯಾ?"

ಅಪ್ಪ ಕನ್ನಡಕ ಮತ್ತೆ ಹಾಕಿಕೊಂಡ. "ಇಲ್ಲ. ಕೇಳ್ಬೇಕಿತ್ತು. ಅದನ್ನ ತೆಗೆದುಬಿಡ್ಲಾ?"

"ಬೇಡ. ಕಲೆ ಇರೋ ನಂದೇ ಇಡು."

ಎಡಗಡೆಯ ಚಿತ್ರವನ್ನೇ ಕಳಿಸಿದ. ಕ್ಯಾಲೆಂಡರಿನವರು ಬೇಡವೆಂದರು. ಮುಂದಿನ ವಾರದಿಂದ ಮಗಳು ಸ್ಟುಡಿಯೋದಲ್ಲಿ ಅವನ ಪಕ್ಕ ಕೂತು ಕೆಲಸ ಕಲಿಯತೊಡಗಿದಳು.

\*

ಹತ್ತೂವರೆಗೆ ಗಿರಣಿಯ ಕಾವಲುಗಾರ ಬಂದ. ಫೋಟೋ ಸಿಗದ ವಿಷಯ ತಿಳಿದು ಜೇಬಿನಿಂದ ಫೋನ್ ತೆಗೆದ.

"ನನ್ನ ಹತ್ರ ಒಂದಿದೆ, ನೋಡಮ್ಮ. ಏಣಿ ಹಿಡ್ಕೊಳ್ಳೋನು ನಾನೇ ಅಲ್ವಾ, ಒಂದಿನ ಸುಮ್ನೆ ತೆಗ್ದಿದ್ದೆ."

ಅಪ್ಪ ಏಣಿಯ ಮೇಲಿದ್ದ. ಕೂದಲ ತುಂಬ ಗೋಡೆಯ ಸುಣ್ಣ, ಬಾಯಿ ಅರ್ಧ ತೆರೆದಿತ್ತು, ಮುಖ ಮಬ್ಬು.

ಚಿಕ್ಕಪ್ಪ ಬಗ್ಗಿ ನೋಡಿದ. "ಇದನ್ನ ಹೇಗಮ್ಮ ಇಡೋದು? ಬಾಯಿ ಒಂಚೂರು ಮುಚ್ಸು, ಆ ಸುಣ್ಣ ಅಳಿಸು. ನಿಂಗೆ ಬರುತ್ತಲ್ಲ."

"ಬರುತ್ತೆ," ಎಂದಳು. ಮುಖದ ಮೇಲೆ ಒಂದಿಷ್ಟು ಬೆಳಕು ಎತ್ತಿದಳು. ಅಷ್ಟೇ ಮಾಡಿ ಪ್ರಿಂಟ್ ತೆಗೆದಳು.

ಹೂವಿನ ಪಕ್ಕದ ಫೋಟೋದಲ್ಲಿ ಅಪ್ಪ ಯಾರ ಕಡೆಗೂ ನೋಡುತ್ತಿರಲಿಲ್ಲ. ಬಾಯಿ ತೆರೆದು ಎಡಕ್ಕೆ, ಮೇಲಕ್ಕೆ ನೋಡುತ್ತಿದ್ದ. ಬಂದವರು ಒಬ್ಬೊಬ್ಬರಾಗಿ ಅದರ ಮುಂದೆ ನಿಂತರು. ನಿಂತವರೆಲ್ಲ, ಚಿಕ್ಕಪ್ಪನೂ ಸೇರಿ, ಕತ್ತೆತ್ತಿ ಫ್ಯಾನಿನಾಚೆಯ ಖಾಲಿ ಮೂಲೆಯಲ್ಲಿ ಏನಿದೆಯೆಂದು ಒಮ್ಮೆ ನೋಡಿ ಮುಂದೆ ಸರಿದರು.