ಐದನೆಯ ಗೊಂಬೆ

ಗಂಡ ಪಿಸ್ತೂಲು ಹಿಡಿದರೆ ಹೆಂಡತಿ ಹಗ್ಗ ಹಿಡಿಯಬೇಕಾಗುತ್ತದೆ ಎಂದು ಜಯಶೀಲಾಗೆ ಮದುವೆಯ ಹೊತ್ತಿನಲ್ಲಿ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವಳು ನಂಬುತ್ತಿರಲಿಲ್ಲ. ಮರುಳಸಿದ್ದಪ್ಪ ಚಿತ್ರದುರ್ಗದ ಕಡೆಯಿಂದ ಬಂದ, ಹಣೆ ತುಂಬ ವಿಭೂತಿಯ, ಸರ್ಕಾರಿ ಕಚೇರಿಯ ಸಾಧು ಗುಮಾಸ್ತ. ದಾರಿಯಲ್ಲಿ ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವ ಆಸಾಮಿ.

ಅವನ ಸಿಟ್ಟಿಗೆ ಬಾಯಿರಲಿಲ್ಲ, ಅದೇ ಕಷ್ಟ. ಹೆಡ್ ಗುಮಾಸ್ತನ ಜಾಗಕ್ಕೆ ಅವನಿಗಿಂತ ಕಿರಿಯನೊಬ್ಬ ಬಂದು ಕೂತ ವರ್ಷ ಮರುಳಸಿದ್ದಪ್ಪ ಮನೆಯಲ್ಲಿ ಮಾತು ನಿಲ್ಲಿಸಿಬಿಟ್ಟ. ಬೈಯಲಿಲ್ಲ, ಕೈಯೆತ್ತಲಿಲ್ಲ, ತಟ್ಟೆ ಎಸೆಯಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಂಡು ಎದ್ದ. ಜಯನಗರದ ಮೂರನೇ ಬ್ಲಾಕಿನ ಆ ಬಾಡಿಗೆ ಮನೆಯಲ್ಲಿ ಮಕ್ಕಳ ಗದ್ದಲವೂ ಇರಲಿಲ್ಲ. ಜಯಶೀಲಾ ಒಂದೊಂದು ಸಲ ಬೇಕೆಂದೇ ಪಾತ್ರೆ ಕೆಳಗೆ ಬೀಳಿಸುತ್ತಿದ್ದಳು, ಏನಾದರೂ ಅನ್ನಲಿ ಎಂದು. ಅವನು ಅನ್ನುತ್ತಿರಲಿಲ್ಲ.

ಚೀನಾ ಯುದ್ಧ ಮುಗಿದ ಮೇಲೆ ಊರಿನಲ್ಲಿ ಎಲ್ಲರಿಗೂ ಬಂದೂಕಿನ ಹುಚ್ಚು ಹತ್ತಿತು. ಪುಟ್ಟೇನಹಳ್ಳಿಯ ಆಚೆ, ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಯಲ್ಲಿ ನಿವೃತ್ತ ಮೇಜರ್ ಜಯಸಿಂಹ ಎಂಬುವರು ಒಂದು ಕ್ಲಬ್ಬು ಕಟ್ಟಿದರು. ಕಚೇರಿಯವರು ಯಾರೋ ತಮಾಷೆಗೆ ಕರೆದುಕೊಂಡು ಹೋದರೆ ಮರುಳಸಿದ್ದಪ್ಪ ಅಲ್ಲೇ ನೆಟ್ಟಗೆ ನಿಂತುಬಿಟ್ಟ. ಫೈಲು ಬರೆದೂ ಬರೆದೂ ಪಳಗಿದ ಅವನ ಕೈ ಪಿಸ್ತೂಲು ಹಿಡಿದರೆ ಒಂದಿಷ್ಟೂ ನಡುಗುತ್ತಿರಲಿಲ್ಲ. ಮೇಜರು ಎಲ್ಲರೆದುರು ಬೆನ್ನು ತಟ್ಟಿದರಂತೆ. ಆ ಭಾನುವಾರ ಅವನು ಮನೆಗೆ ಬಂದವನೇ ಕಾಫಿ ಕೇಳಿದ. ಬಾಯಿಬಿಟ್ಟು ಕೇಳಿದ. ಜಯಶೀಲಾ ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವನಿಗೆ ಹುಚ್ಚು ಹಿಡಿಸಿದ್ದು ವೇಗದ ಪಿಸ್ತೂಲಿನ ಆಟ. ಆಳೆತ್ತರದ ಐದು ಕರಿಯ ಗೊಂಬೆಗಳು ಸಾಲಾಗಿ, ಪಕ್ಕಕ್ಕೆ ತಿರುಗಿ ನಿಂತಿರುತ್ತವೆ; ಎದುರಿನವರಿಗೆ ಐದು ಗೆರೆಗಳಷ್ಟೇ ಕಾಣುತ್ತವೆ. ಸೀಟಿ ಊದಿದ ಕೂಡಲೇ ಐದೂ ಒಟ್ಟಿಗೆ ಮುಖ ತಿರುಗಿಸುತ್ತವೆ. ಇಳಿಬಿಟ್ಟ ಕೈಯನ್ನು ಎತ್ತಿ, ಒಂದೊಂದಕ್ಕೆ ಒಂದೊಂದು ಗುಂಡು ಹೊಡೆಯಬೇಕು. ಇನ್ನೊಂದು ಸೀಟಿಗೆ ಗೊಂಬೆಗಳು ಮತ್ತೆ ಗೆರೆಗಳಾಗುತ್ತವೆ. ಮೊದಲ ಸುತ್ತಿಗೆ ಎಂಟು ಸೆಕೆಂಡು, ಆಮೇಲೆ ಆರು, ಕೊನೆಗೆ ಬರೀ ನಾಲ್ಕು; ನಾಲ್ಕರ ಸುತ್ತು ಮಾತ್ರ ಎರಡು ಸಲ. ಜನ ನೋಡಲು ಬರುವುದೇ ಆ ನಾಲ್ಕು ಸೆಕೆಂಡಿನ ಸುತ್ತನ್ನು.

ಕ್ಲಬ್ಬಿನಲ್ಲಿ ಗುಂಡುಗಳಿಗೆ ಬರ, ತಿರುಗುವ ಗೊಂಬೆಗಳು ಪಂದ್ಯದ ದಿನಕ್ಕೆ ಮಾತ್ರ. ಹಾಗಾಗಿ ಅಭ್ಯಾಸವೆಲ್ಲ ಮನೆಯ ಹಿತ್ತಲಲ್ಲೇ ಆಗಬೇಕಿತ್ತು. ರಟ್ಟಿನಲ್ಲಿ ಐದು ಗೊಂಬೆ ಕತ್ತರಿಸಿ, ಕಾಡಿಗೆ ಬಳಿದು, ಬಿದಿರಿನ ಗಳಕ್ಕೆ ಕಟ್ಟಿದ. ಹಗ್ಗ ಎಳೆದರೆ ಐದೂ ಏಳಬೇಕು, ಬಿಟ್ಟರೆ ಮಲಗಬೇಕು. ಪಟೇಲಿಕೆ ಮಾಡಿದ್ದ ತಂದೆಯ ಕಾಲದ ಖಾಲಿ ರಿವಾಲ್ವರ್ ಅವನ ಕೈಯಲ್ಲಿ, ಹಗ್ಗ ಜಯಶೀಲಾಳ ಬಲಗೈಯಲ್ಲಿ, ಅವನ ಕೈಗಡಿಯಾರ ಅವಳ ಎಡಗೈಯಲ್ಲಿ. ಗೊಂಬೆಗಳು ಮಲಗುವುದರೊಳಗೆ ಐದು ಸಲ ಟಕ್ ಎನ್ನಿಸಿದರೆ ಗೆದ್ದ ಹಾಗೆ. ಸಂಜೆ ಕಚೇರಿಯಿಂದ ಬಂದು ಇದನ್ನು ಮುಗಿಸಿಯೇ ಅವನು ಕೈಕಾಲು ತೊಳೆದು ಲಿಂಗಪೂಜೆಗೆ ಕೂರುತ್ತಿದ್ದ. ಪಕ್ಕದ ಮನೆಯ ಅಲಮೇಲು ಕಾಂಪೌಂಡಿನ ಮೇಲಿಂದ ನೋಡಿ, ಈ ವಯಸ್ಸಿನಲ್ಲಿ ಗಂಡಹೆಂಡತಿಗೆ ಇದೆಂಥ ಬೊಂಬೆಯಾಟ ಎಂದು ನಗುತ್ತಿದ್ದರು.

ಎಂಟಕ್ಕೂ ಆರಕ್ಕೂ ತೊಂದರೆ ಇರಲಿಲ್ಲ. ಯುಗಾದಿಯ ಹೊತ್ತಿಗೆ ನಾಲ್ಕಕ್ಕೆ ಬಂದರು. ಜಯಶೀಲಾ ಗಡಿಯಾರದ ಮುಳ್ಳಿನ ಮೇಲೇ ಕಣ್ಣಿಟ್ಟು ಹಗ್ಗ ಬಿಟ್ಟಳು. ನಾಲ್ಕು ಟಕ್ ಆಗಿತ್ತು, ಐದನೆಯ ಗೊಂಬೆ ಮಲಗಿತ್ತು. ಮತ್ತೆ ಎಳೆದಳು, ಮತ್ತೆ ಹಾಗೇ. ಅವನು ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿಟ್ಟು ಒಳಗೆ ಹೋದ. ಅವತ್ತು ಊಟಕ್ಕೆ ಕೂತವನು ತಲೆಯೆತ್ತಲಿಲ್ಲ. ಮರುದಿನವೂ ಹಾಗೇ ಆಯಿತು. ಹಳೆಯ ಮೌನ ಮತ್ತೆ ಮನೆಯೊಳಗೆ ಬಂದು ಕೂತಿತು.

ಮೂರನೆಯ ಸಂಜೆ ಅವಳ ಕೈ ಹಗ್ಗ ಬಿಡಲಿಲ್ಲ. ಮುಳ್ಳು ದಾಟಿಹೋದದ್ದು ಕಂಡಿತು, ಆದರೂ ಬಿಡಲಿಲ್ಲ. ಐದನೆಯ ಟಕ್ ಕಿವಿಗೆ ಬಿದ್ದ ಮೇಲೆ ಬಿಟ್ಟಳು. ಮರುಳಸಿದ್ದಪ್ಪ ತಿರುಗಿ ನೋಡಿ ಹಲ್ಲೆಲ್ಲ ಕಾಣುವಂತೆ ನಕ್ಕ. ಆ ದಿನ ಎರಡು ರೊಟ್ಟಿ ಹೆಚ್ಚು ತಿಂದು, ಮ್ಯಾನೇಜರು ಕೊಡೆ ಮರೆತು ಪೇಚಾಡಿದ ಕಥೆ ಹೇಳಿದ. ಒಂದು ದಿನದ ಮಟ್ಟಿಗೆ ಎಂದುಕೊಂಡು ಮಾಡಿದ ಕೆಲಸ. ನಾಳೆಯಿಂದ ಇವರ ಕೈ ತಾನಾಗಿ ಚುರುಕಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಚುರುಕಾಗಲಿಲ್ಲ. ಹೇಗಾಗಬೇಕು? ಎಷ್ಟು ನಿಧಾನ ಮಾಡಿದರೂ ಐದನೆಯ ಗೊಂಬೆ ಅವನಿಗಾಗಿ ಕಾದಿರುತ್ತಿತ್ತು. ಅವನು ಆರಾಮಾಗಿ ಗುರಿಯಿಡುವುದನ್ನು ಕಲಿತ, ಅವಳು ಗಡಿಯಾರ ನೋಡುವುದನ್ನೇ ಬಿಟ್ಟಳು.

ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದಿದ್ದಳು. ಪ್ರತಿ ಸಲವೂ ಅವನು ಏನೋ ತಮಾಷೆ ಹೇಳುತ್ತಿದ್ದ, ಇಲ್ಲವೇ ಸೋಪು ಹುಡುಕುತ್ತ ಹಾಡು ಗುನುಗುತ್ತಿದ್ದ. ಇಂಥ ಮನುಷ್ಯನಿಗೆ ಹೇಗೆ ಹೇಳುವುದು? ಬಾಯಿ ಮುಚ್ಚಿಕೊಂಡಳು. ಹೀಗೆ ಕಾರ್ತಿಕ ಬಂತು, ಪಂದ್ಯವೂ ಬಂತು.

ಆ ಭಾನುವಾರ ಕ್ವಾರಿಯ ಬಂಡೆಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಪುಟ್ಟೇನಹಳ್ಳಿಯ ಜನ ಹಸಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. ಇನ್ನೊಂದು ಕಡೆ ಜಯನಗರದ ಸಂಸಾರಗಳು ಕೊಡೆ ಬಿಚ್ಚಿಕೊಂಡು. ಗೊಂಬೆಗಳ ಪಕ್ಕದ ಕಲ್ಲುಗೋಡೆಯ ಹಿಂದೆ, ಹಳ್ಳದಲ್ಲಿ, ಅವುಗಳನ್ನು ತಿರುಗಿಸುವ ಹಗ್ಗ ಹಿಡಿದು ನಿಂತಿದ್ದವನು ಚಿಕ್ಕಬೈರಪ್ಪ. ಹೊಲವೆಲ್ಲ ಬಡಾವಣೆಗೆ ಹೋದ ಮೇಲೆ ಅವನಿಗೆ ಸಿಗಲಿದ್ದ ಮೊದಲ ಕೆಲಸ ಇದು. ಪಂದ್ಯ ಚೆನ್ನಾಗಿ ನಡೆದರೆ ಕ್ಲಬ್ಬಿನ ಕಾವಲಿಗೆ ಕಾಯಂ ಇಟ್ಟುಕೊಳ್ಳುತ್ತೇನೆಂದು ಮೇಜರು ಮಾತು ಕೊಟ್ಟಿದ್ದರು. ಪ್ರತಿ ಸುತ್ತು ಮುಗಿದ ಮೇಲೆ ಅವನು ಹೊರಗೆ ಬಂದು ಉದ್ದನೆಯ ಕೋಲಿನಿಂದ ತೂತುಗಳನ್ನು ತೋರಿಸುತ್ತಿದ್ದ. ತಪ್ಪಿಹೋಗಿದ್ದರೆ ಕೋಲನ್ನು ಅಡ್ಡಡ್ಡ ಆಡಿಸುತ್ತಿದ್ದ. ಗುಂಡು ಹೊಡೆದವರಿಗಿಂತ ಹೆಚ್ಚಾಗಿ ಹಳ್ಳಿಯವರು ಚಪ್ಪಾಳೆ ತಟ್ಟಿದ್ದು ತಮ್ಮ ಬೈರಪ್ಪನಿಗೆ.

ಅವನಿಗೂ ಮರುಳಸಿದ್ದಪ್ಪನಿಗೂ ಹಿಂದಿನ ವಾರವಷ್ಟೇ ಮಾತಿಗೆ ಮಾತು ಬೆಳೆದಿತ್ತು. ಕ್ವಾರಿಯ ಬಾಯಲ್ಲಿದ್ದ ಮುನೇಶ್ವರನ ಕಲ್ಲಿನ ಹತ್ತಿರ ಬೂಟು ಹಾಕಿಕೊಂಡು ಓಡಾಡಬೇಡಿ ಎಂದು ಅವನು ಹೇಳಿದ್ದ. ನಿನ್ನ ಕೆಲಸ ನೋಡಿಕೋ ಎಂದು ಇವನು ಗದರಿದ್ದ.

ಅಲಮೇಲು ಪಕ್ಕದಲ್ಲೇ ಕೂತು, ನಿಮ್ಮ ಯಜಮಾನರೇ ಗೆಲ್ಲುವುದು, ಗೆದ್ದವರನ್ನು ದೆಹಲಿಗೆ ಕಳಿಸುತ್ತಾರಂತೆ ಎಂದು ಬಡಬಡಿಸುತ್ತಿದ್ದರು. ಎಂಟರ ಸುತ್ತಿನಲ್ಲಿ ಮರುಳಸಿದ್ದಪ್ಪ ಐದೂ ಹೊಡೆದ. ಆರರ ಸುತ್ತಿನಲ್ಲೂ ಐದು. ಅಲ್ಲಿಯವರೆಗೆ ಅವನೇ ಎಲ್ಲರಿಗಿಂತ ಮುಂದಿದ್ದ. ಕನ್ನಡಕ ಸರಿಮಾಡಿಕೊಳ್ಳುತ್ತ ಜನರ ನಡುವೆ ಹೆಂಡತಿಯನ್ನು ಹುಡುಕಿ ನೋಡಿದ. ಜಯಶೀಲಾ ದೃಷ್ಟಿ ತಪ್ಪಿಸಿ ಗೊಂಬೆಗಳ ಕಡೆ ನೋಡಿದಳು.

ನಾಲ್ಕರ ಮೊದಲ ಸುತ್ತು. ಸೀಟಿ ಆಯಿತು, ಗೊಂಬೆಗಳು ತಿರುಗಿದವು. ಹಳ್ಳಿಯವರು ಗುಂಡಿನ ಸದ್ದಿಗೆ ಸರಿಯಾಗಿ ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸಿದರು. ನಾಲ್ಕು ಎನ್ನುವಷ್ಟರಲ್ಲಿ ಎರಡನೆಯ ಸೀಟಿ ಆಗಿ ಗೊಂಬೆಗಳು ಗೆರೆಗಳಾಗಿದ್ದವು. ಐದನೆಯ ಗುಂಡು ಮಣ್ಣಿನ ದಿಬ್ಬದಲ್ಲಿ ಹೂತುಹೋಯಿತು. ಚಿಕ್ಕಬೈರಪ್ಪ ಹೊರಗೆ ಬಂದು ಕೋಲನ್ನು ಅಡ್ಡಡ್ಡ ಆಡಿಸಿದ.

ಮರುಳಸಿದ್ದಪ್ಪ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಕೈಯೆತ್ತಿದ. ಅವನ ಮುಖದಲ್ಲಿ ಸೋಲು ಇರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಅದನ್ನು ನೋಡಲು ಜಯಶೀಲಾಗೆ ಆಗಲಿಲ್ಲ.

"ಸೀಟಿಗೆ ಮುಂಚೆನೇ ಹಗ್ಗ ಬಿಟ್ಟಿದಾನೆ ಸಾರ್. ನಂಗೆ ನಾಲ್ಕು ಸೆಕೆಂಡು ಸಿಕ್ಕಿಲ್ಲ" ಎಂದ.

ಸೀಟಿ ಊದಿದವರು ಮೇಜರೇ. ಆದರೆ ಅವರ ಕಣ್ಣು ಕೈಯಲ್ಲಿದ್ದ ಸ್ಟಾಪ್‌ವಾಚಿನ ಮೇಲಿತ್ತು. ಹಗ್ಗ ಯಾವಾಗ ಸಡಿಲಾಯಿತೋ ಅವರು ನೋಡಿರಲಿಲ್ಲ. ಚಿಕ್ಕಬೈರಪ್ಪನನ್ನು ಕರೆಸಿದರು. ಅವನು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬಂದ.

"ಸೀಟಿ ಆದ್ಮ್ಯಾಕೇ ಬಿಟ್ಟಿದ್ದು ಸ್ವಾಮಿ. ಮುನೇಸ್ವರನ ಆಣೆ."

ಆ ಹೆಸರು ಬಂದದ್ದೇ ತಡ, ಮರುಳಸಿದ್ದಪ್ಪ ಹಿಂದಿನ ವಾರದ ಜಗಳವನ್ನೆಲ್ಲ ಬಿಡಿಸಿ ಹೇಳಿದ. ಆ ಹಗೆಯಿಂದಲೇ ಇವನು ಹೀಗೆ ಮಾಡಿದ್ದು ಎಂದ. ಬಂಡೆಯ ಮೇಲಿದ್ದ ಹಳ್ಳಿಯವರು ಕೂಗಾಡಿದರು, ಕೊಡೆಗಳ ಕಡೆಯವರು ಛೆ ಛೆ ಎಂದರು. ಮೇಜರಿಗೆ ಗುಮಾಸ್ತನ ಮೇಲೆ ವಿಶ್ವಾಸ. ಹಗ್ಗಕ್ಕೆ ಬೇರೆಯವರನ್ನು ನಿಲ್ಲಿಸಿ ಈ ಸುತ್ತನ್ನು ಮತ್ತೆ ಹೊಡೆಸುವುದೇ ಸರಿ ಎನ್ನುವ ಹಾಗೆ ತಲೆಯಾಡಿಸಿದರು. ಆದರೂ ಒಂದು ಮಾತು ಕೇಳಿದರು: ನಾಲ್ಕು ಸೆಕೆಂಡು ಆಗಿಲ್ಲ ಎಂದು ನಿಮಗೆ ಅಷ್ಟು ಖಾತ್ರಿ ಹೇಗೆ?

"ಯುಗಾದಿಯಿಂದ ದಿನಾ ನಾಲ್ಕರಲ್ಲೇ ಐದೂ ಹೊಡೀತಿದೀನಿ ಸಾರ್. ನನ್ ಮನೆಯವಳು ಗಡಿಯಾರ ಹಿಡ್ಕೊಂಡ್ ಕೂತಿರ್ತಾಳೆ. ಅಲ್ಲೇ ಇದಾಳೆ, ಬೇಕಾದ್ರೆ ಕೇಳಿ."

ಅಷ್ಟೂ ಜನ ಅವಳ ಕಡೆ ತಿರುಗಿದರು. ಅಲಮೇಲು ಸಂತೋಷದಿಂದ, ಹೋಗಿ ಹೇಳಿಬನ್ನಿ ಎಂದು ಮೊಣಕೈ ತಿವಿದರು. ಜಯಶೀಲಾ ಸೆರಗು ಹೊದ್ದು ಬಂಡೆ ಇಳಿದಳು. ಇಳಿಯುವಾಗ ಹೌದು ಎಂದು ಹೇಳುವುದೇ ಅವಳ ಮನಸ್ಸಿನಲ್ಲಿತ್ತು, ಅದರಲ್ಲಿ ಸುಳ್ಳಿಲ್ಲ. ಮರುಳಸಿದ್ದಪ್ಪ ಇನ್ನೊಮ್ಮೆ ಹೊಡೆಯುತ್ತಾನೆ, ಗೆದ್ದರೂ ಗೆಲ್ಲಬಹುದು, ಮನೆಗೆ ಬಂದು ಕಾಫಿ ಕೇಳುತ್ತಾನೆ. ಆದರೆ ಕೆಳಗೆ ತಲುಪಿದಾಗ ಚಿಕ್ಕಬೈರಪ್ಪ ಎದುರಿಗೇ ನಿಂತಿದ್ದ. ಅವನು ಅವಳನ್ನು ನೋಡುತ್ತಿರಲಿಲ್ಲ. ಬಂಡೆಯ ಮೇಲಿದ್ದ ತನ್ನ ಊರಿನವರನ್ನು ನೋಡುತ್ತಿದ್ದ. ಗದ್ದಲದ ನಡುವೆ ಮಾತಾಡದೆ ನಿಂತ ಗಂಡಸಿನ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇವನೂ ಇವತ್ತು ಮನೆಗೆ ಹೋಗಿ ತಲೆಯೆತ್ತದೆ ಉಣ್ಣುತ್ತಾನೆ.

ಹೇಳಮ್ಮ, ನಾಲ್ಕು ಸೆಕೆಂಡಿನಲ್ಲಿ ಇವರು ಐದೂ ಹೊಡೆಯುತ್ತಾರಾ ಎಂದು ಮೇಜರು ಮೆಲ್ಲಗೆ ಕೇಳಿದರು.

"ನಾನು ಗಡಿಯಾರ ನೋಡ್ತಿರ್ಲಿಲ್ಲ ಸಾರ್" ಎಂದಳು. "ಇವರ ಐದನೇ ಸದ್ದು ಕೇಳಿದ್ಮೇಲೆ ಹಗ್ಗ ಬಿಡ್ತಿದ್ದೆ."

ಮೇಜರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮರುಳಸಿದ್ದಪ್ಪನಿಗೆ ಹಿಡಿಯಲಿಲ್ಲ.

"ಯಾವತ್ತಿಂದ?" ಎಂದ, ಬಹಳ ಮೆತ್ತಗೆ.

"ನಾಲ್ಕಕ್ಕೆ ಬಂದಾಗಿಂದ್ಲೂ. ಮೊದಲ ಎರಡು ದಿನ ಬಿಟ್ಟು." ಆಮೇಲೆ ಚಿಕ್ಕಬೈರಪ್ಪನ ಕಡೆ ತಿರುಗಿ, "ತಪ್ಪು ನಿಮ್ಮದಲ್ಲ" ಎಂದಳು.

ಹಳ್ಳಿಯವರು ಹೋ ಎಂದು ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. ಯಾರೂ ನಗಲಿಲ್ಲ. ಮೇಜರು ಟೋಪಿ ತೆಗೆದು ಮತ್ತೆ ಹಾಕಿಕೊಂಡು, ಬೈರಪ್ಪ, ನಿನ್ನ ಜಾಗಕ್ಕೆ ಹೋಗು ಎಂದರು. ಮರುಳಸಿದ್ದಪ್ಪನಿಗೆ ನಾಲ್ಕರ ಸುತ್ತು ಇನ್ನೊಂದು ಬಾಕಿಯಿತ್ತು. ಅವನು ಹೊರಟುಬಿಡುತ್ತಾನೆ ಎಂದು ಜಯಶೀಲಾ ಎಣಿಸಿದ್ದಳು. ಅವನು ಹೋಗಲಿಲ್ಲ, ಗೆರೆಯ ಮೇಲೆ ನಿಂತು ಕೈ ಇಳಿಬಿಟ್ಟ. ಸೀಟಿ ಆಯಿತು. ಈ ಸಲ ಯಾರೂ ಎಣಿಸಲಿಲ್ಲ. ನಾಲ್ಕು ಗುಂಡು ಹೊಡೆದ. ಐದನೆಯದಕ್ಕೆ ಹೊತ್ತಿಲ್ಲ ಎಂದು ಅವನಿಗೇ ತಿಳಿದು ಕೈ ತಾನಾಗಿ ಕೆಳಗಿಳಿಯಿತು. ಚಿಕ್ಕಬೈರಪ್ಪ ಬಂದು ನಾಲ್ಕು ತೂತು ತೋರಿಸಿದ. ಐದನೆಯ ಗೊಂಬೆಯ ಹತ್ತಿರ ಕೋಲು ಆಡಿಸದೆ ಸುಮ್ಮನೆ ನಿಂತ.

ಗೆದ್ದವನು ಬೇರೆ ಯಾರೋ. ಅಲಮೇಲು ತಲೆನೋವಿನ ನೆಪ ಹೇಳಿ ಬೇರೆಯವರ ಜೊತೆ ಹೋದರು. ಗಂಡಹೆಂಡತಿ ಪುಟ್ಟೇನಹಳ್ಳಿ ಕೆರೆಯ ಏರಿಯ ಮೇಲೆ ನಡೆದುಕೊಂಡು ಜಯನಗರದ ಕಡೆ ಹೊರಟರು. ಅವನು ಸಿಟ್ಟು ಮಾಡಿಕೊಂಡಿರಲಿಲ್ಲ, ಎಂದಿನ ಮೌನವೂ ಅದಲ್ಲ. ಹೆಂಡತಿಗೆ ಹೆಜ್ಜೆ ಸಿಗಲೆಂದು ನಿಧಾನವಾಗಿಯೇ ನಡೆಯುತ್ತಿದ್ದ. ಬೈದರೆ ಸಾಕು ಎಂದು ಅವಳು ಕಾಯುತ್ತಿದ್ದಳು. ಏರಿ ಮುಗಿಯುವಲ್ಲಿ ಅವನು ನಿಂತ.

"ನಂಗೋಸ್ಕರ ಹೀಗೆ ಇನ್ನೇನೇನ್ ಮಾಡಿದೀಯ ಶೀಲಾ?"

ಏನೂ ಇಲ್ಲ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವನಿಗೆ ಬೇಕಾಗಿದ್ದುದೂ ಆ ಒಂದು ಮಾತೇ. ಅವನ ಕಣ್ಣು ಅದನ್ನು ಬೇಡುತ್ತಿತ್ತು. ಆದರೆ ಜಯಶೀಲಾ ಯೋಚಿಸಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವನು ನಕ್ಕ ಸಂಜೆಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡು ಯೋಚಿಸಿದಳು.

ಅವಳು ಯೋಚಿಸುತ್ತಿದ್ದುದನ್ನು ಅವನು ನೋಡಿದ. ಉತ್ತರಕ್ಕೆ ಕಾಯದೆ ಮುಂದೆ ನಡೆದ.