ಹೋಲ್ಡಾನ್, ರೈಟ್

ಬಸ್ ಓಡಿಸುತ್ತಿದ್ದ ಕಾಲದಲ್ಲಿ ಡಿಪೋದವರು ಅವನಿಗೆ ಇಟ್ಟಿದ್ದ ಹೆಸರು ನಾನ್‌ಸ್ಟಾಪ್. ಐದು ಗಂಟೆಯ ದಾರಿ. ನಡುವೆ ಯಾರು ಎಷ್ಟೇ ಗೋಗರೆಯಲಿ, ಜಪ್ಪಯ್ಯ ಅಂದರೂ ಗಾಡಿ ನಿಲ್ಲಿಸುತ್ತಿರಲಿಲ್ಲ. ಕಿರುಬೆರಳು ತೋರಿಸಿಕೊಂಡು ಮುಂದೆ ಬಂದವರಿಗೆ ಕನ್ನಡಿಯಲ್ಲೇ ಕಣ್ಣು ಬಿಟ್ಟು, "ನಾನು ಹಿಡ್ಕೊಂಡಿಲ್ವಾ? ನೀವೂ ಹಿಡ್ಕೊಳ್ಳಿ," ಅನ್ನುತ್ತಿದ್ದ. ಅವನು ಕೇಳುತ್ತಿದ್ದದ್ದು ಒಬ್ಬಳ ಮಾತು ಮಾತ್ರ, ಅದೇ ಬಸ್ಸಿನ ಕಂಡಕ್ಟರಮ್ಮನದು. ಅವಳು ಹಿಂದಿನಿಂದ "ಹೋಲ್ಡಾನ್" ಅಂದರೆ ನಿಂತ, "ರೈಟ್" ಅಂದರೆ ಹೊರಟ. ಎರಡು ವರ್ಷ ಹಾಗೆ ಕೇಳಿ ಕೇಳಿ ರೂಢಿಯಾಗಿ, ಕೊನೆಗೆ ಅವಳನ್ನೇ ಕಟ್ಟಿಕೊಂಡ. ಆಮೇಲೂ ಇಪ್ಪತ್ತು ವರ್ಷ ಅದೇ ಗಾಡಿ, ಅದೇ ಜೋಡಿ.

ಅರವತ್ನಾಲ್ಕಕ್ಕೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಬಂತು. ಗ್ರಂಥಿಯನ್ನೇ ತೆಗೆದುಹಾಕಿದರು. ಆಪರೇಷನ್ ಸಲೀಸಾಗಿ ಆಯಿತು, ಗಾಯ ಮಾಗಿತು, ಮೂತ್ರದ ನಳಿಕೆಯನ್ನೂ ತೆಗೆದರು. ತೆಗೆದ ದಿನವೇ ನಾನ್‌ಸ್ಟಾಪ್ ಅನ್ನುವ ಬಿರುದಿಗೆ ಬೇರೆಯೇ ಅರ್ಥ ಬಂತು. ಕೆಮ್ಮಿದರೆ ಹನಿ, ಸೀನಿದರೆ ಹನಿ, ಕುರ್ಚಿಯಿಂದ ಎದ್ದರೆ ಇನ್ನೊಂದಿಷ್ಟು. ಪ್ಯಾಂಟಿನೊಳಗೆ ಪ್ಯಾಡ್ ಇಟ್ಟುಕೊಂಡು ಮನೆಯ ಮೂಲೆ ಹಿಡಿದ. ಯಾರು ಬಾಗಿಲು ಬಡಿದರೂ ಹೆಂಡತಿಗೆ "ಮಲಗಿದಾರೆ ಅನ್ನು" ಅನ್ನುವುದೇ ಅವನ ಕೆಲಸವಾಯಿತು.

ನಾಲ್ಕು ತಿಂಗಳ ಮೇಲೆ ರಕ್ತ ಪರೀಕ್ಷೆ ಮಾಡಿದರೆ, ಸೊನ್ನೆಗಿಳಿದು ಸುಮ್ಮನಿರಬೇಕಿದ್ದ ಕ್ಯಾನ್ಸರಿನ ಅಂಕಿ ಮೆಲ್ಲಗೆ ತಲೆ ಎತ್ತಿತ್ತು. "ರೇಡಿಯೇಷನ್ ಕೊಡೋಣ, ಮೂವತ್ಮೂರು ದಿನ. ತಡ ಮಾಡೋದು ಬೇಡ," ಅಂದರು ಡಾಕ್ಟರು. ಮೊದಲು ಒಂದು ಸ್ಕ್ಯಾನ್ ಮಾಡಿ ಜಾಗ ಗುರುತು ಹಾಕಬೇಕು. ಅದಕ್ಕೆ ಮೂತ್ರಕೋಶ ತುಂಬಿರಬೇಕು. ಆಮೇಲೆ ಮೂವತ್ಮೂರು ದಿನವೂ ಹಾಗೇ ತುಂಬಿಕೊಂಡು ಬರಬೇಕು. "ಅರ್ಧ ಲೀಟರ್ ನೀರು ಕುಡಿದು ಮುಕ್ಕಾಲು ಗಂಟೆ ಹಿಡ್ಕೊಂಡಿರಿ, ಅಷ್ಟೇ. ನೀರು ಕುಡಿದಷ್ಟು ಸುಲಭ."

ಡಾಕ್ಟರಿಗೇನು, ಹೇಳಿಬಿಟ್ಟರು.

ಕೆಳಗಿನ ಸ್ನಾಯುಗಳನ್ನು ಹತ್ತು ಎಣಿಸುವವರೆಗೆ ಬಿಗಿ ಹಿಡಿದು ಬಿಡುವ ವ್ಯಾಯಾಮವೊಂದನ್ನು ಆಸ್ಪತ್ರೆಯಲ್ಲಿ ಮೊದಲೇ ಹೇಳಿಕೊಟ್ಟಿದ್ದರು. ಇವನೋ ಒಂದು, ಎರಡು ಅಂದು ನೇರ ಒಂಬತ್ತಕ್ಕೆ ಹಾರುವ ಆಸಾಮಿ. ಹೆಂಡತಿ ಬಾಗಿಲ ಸಂದಿಯಿಂದ ನೋಡಿಬಿಟ್ಟಳು.

"ನಡುವಿನ ಸ್ಟಾಪೆಲ್ಲ ಎಲ್ಲಿ ಹೋದ್ವು?" ಅಂದಳು.

ಅವತ್ತಿನಿಂದ ಅವಳು ಮತ್ತೆ ಡ್ಯೂಟಿಗೆ ಹಾಜರಾದಳು. ಅವನ ಹಿಂದೊಂದು ಕುರ್ಚಿ ಹಾಕಿಕೊಂಡು, ತರಕಾರಿ ಹೆಚ್ಚುತ್ತ "ಹೋಲ್ಡಾನ್" ಅನ್ನುವಳು. ಇವನು ಬಿಗಿ ಹಿಡಿಯುವನು. ಹತ್ತಾದ ಮೇಲೆ "ರೈಟ್" ಅನ್ನುವಳು, ಬಿಡುವನು. ಸ್ಕ್ಯಾನಿನ ಸರದಿ ಬರುವವರೆಗೆ ಮೂರು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಇದೇ ಪಾಠ. ಇವನ ತಲೆಗಿಂತ ಮೊದಲು ದೇಹವೇ ಕಲಿತುಬಿಟ್ಟಿತು. ಒಂದು ದಿನ ಜೋರಾಗಿ ಸೀನಿದ, ಹನಿ ಬೀಳಲಿಲ್ಲ. ಇನ್ನೊಮ್ಮೆ ಸೀನು ಬರಲಿ ಅಂತ ಮೂಗು ತಿಕ್ಕಿಕೊಂಡ.

ಸ್ಕ್ಯಾನಿನ ದಿನ ಅರ್ಧ ಲೀಟರ್ ಕುಡಿದು ಮುಕ್ಕಾಲು ಗಂಟೆ ಗಡಿಯಾರ ನೋಡುತ್ತ ಕೂತ. ಒಂದು ಹನಿಯೂ ಇಲ್ಲ. ಮೀಸೆಯ ಮೇಲೆ ಕೈಯಾಡಿಸಿಕೊಂಡೇ ಒಳಗೆ ಹೋಗಿ ಮೇಜಿನ ಮೇಲೆ ಮಲಗಿದ. ಯಂತ್ರ ನಡೆಸುವ ಹುಡುಗಿ ಬಲು ವಿನಯವಂತೆ. ಅವನ ಸೊಂಟ ನೋಡಿ ಮೆತ್ತಗೆ ಹೇಳಿದಳು:

"ಸರ್, ಸ್ವಲ್ಪ ರೈಟ್..."

'ಕಡೆ ಬನ್ನಿ' ಅನ್ನುವುದು ಬಾಕಿಯಿತ್ತು. ಇಪ್ಪತ್ತೆರಡು ವರ್ಷ ಮತ್ತು ಮೂರು ವಾರದ ಅಭ್ಯಾಸ ಅಷ್ಟು ಹೊತ್ತು ಕಾಯುತ್ತದೆಯೇ? ಅರ್ಧ ಲೀಟರೂ ಹೊರಟುಬಿಟ್ಟಿತು.

"ಪರ್ವಾಗಿಲ್ಲ ಸರ್, ದಿನಾ ಯಾರಿಗಾದ್ರೂ ಆಗತ್ತೆ. ಇವತ್ತೇ ಸಂಜೆ ನಾಲ್ಕಕ್ಕೆ ಒಂದು ಜಾಗ ಖಾಲಿ ಇದೆ. ಅದು ತಪ್ಪಿದ್ರೆ ಮಾತ್ರ ಮೂರು ವಾರ ಕಾಯ್ಬೇಕು," ಅಂದಳು ಹುಡುಗಿ.

ಮೂರು ವಾರದಲ್ಲಿ ಆ ಅಂಕಿ ಎಲ್ಲಿಗೆ ಏರಿರುತ್ತದೋ. ಅವನು ಬಟ್ಟೆ ಬದಲಿಸಿ, ಆಸ್ಪತ್ರೆಯ ಫೈಲನ್ನು ಸೊಂಟದ ಮುಂದೆ ಅಡ್ಡ ಹಿಡಿದುಕೊಂಡು ಹೊರಗೆ ಬಂದ. ಹೆಂಡತಿಯ ಪಕ್ಕದ ಬೆಂಚಿನಲ್ಲಿ ಕುಸಿದ.

"ಮನೆಗೆ ಹೋಗೋಣ. ನನ್ನ ಕೈಲಾಗಲ್ಲ ಕಣೇ."

ಅವಳು ಅವನ ಕಡೆ ತಿರುಗಿ ಕೂತಳು. ಅವನು ಫೈಲನ್ನೇ ನೋಡುತ್ತ ಕೇಳಿದ: "ನಮ್ಮ ಬಸ್ಸಲ್ಲಿ ಬೂದು ಕೋಟಿನ ಅಜ್ಜ ಒಬ್ರು ಇದ್ರು, ನೆನಪಿದ್ಯಾ?"

"ಬ್ಯಾಗು ಮುಂದೆ ಹಿಡ್ಕೊಂಡು ಇಳಿದವ್ರು."

"ಎರಡು ಸಲ ಕೇಳಿದ್ರು. ನಾನು ನಿಲ್ಲಿಸ್ಲಿಲ್ಲ."

"ನಾನಾದ್ರೂ ಹೋಲ್ಡಾನ್ ಅನ್ಬಹುದಿತ್ತು, ಅನ್ಲಿಲ್ಲ. ಲೇಟಾಗಿದೆ ಅಂತ ಸುಮ್ನಿದ್ದೆ," ಅಂದಳು.

ಇಬ್ಬರಿಗೂ ನಾಚಿಕೆಯಾಯಿತು. ಆಮೇಲೆ ಅವಳು, "ಇಷ್ಟು ಹೊತ್ತು ಕಲ್ಲಿನ ಹಾಗೆ ಕೂತಿದ್ರಲ್ಲ, ಒಳಗೆ ಏನಾಯ್ತು? ನಿಜ ಹೇಳಿ," ಅಂದಳು.

"ಆ ಹುಡುಗಿ ರೈಟ್ ಅಂದ್ಳು."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ತಡೆಯಲಾಗಲಿಲ್ಲ. ಬೆಂಚು ಅಲುಗಾಡುವಷ್ಟು ನಕ್ಕಳು. ಮೊದಲು ಮುಖ ಗಂಟಿಕ್ಕಿಕೊಂಡಿದ್ದ ಅವನಿಗೂ ನಗು ಬಂತು, ನಗುವಾಗ ಎರಡು ಹನಿಯೂ ಬಂತು. ಬರಲಿ ಅಂತ ಬಿಟ್ಟ. ಅವಳು ಕಣ್ಣೊರೆಸಿಕೊಂಡು ನೀರಿನ ಬಾಟಲಿ ಅವನ ಕೈಗೆ ತುರುಕಿ, ಎದ್ದು ಸೀದಾ ಹುಡುಗಿಯ ಹತ್ತಿರ ಹೋದಳು.

"ನಿನ್ನ ದಮ್ಮಯ್ಯ ಅಂತೀನಿ ಕಣಮ್ಮ, ಬಲಗಡೆ ಅನ್ನು, ಆ ಕಡೆ ಅನ್ನು, ಏನು ಬೇಕಾದ್ರೂ ಅನ್ನು. ಆ ಒಂದು ಮಾತು ಮಾತ್ರ ಅನ್ಬೇಡ. ಒಳಗಿರೋರಿಗೆ ಕೇಳೋ ಆ ಮೈಕು ಐದು ನಿಮಿಷ ನನಗೆ ಕೊಡು."

ಹುಡುಗಿ ಕಥೆಯೆಲ್ಲ ಕೇಳಿ, ನಗು ನುಂಗಿಕೊಂಡು ಒಪ್ಪಿದಳು.

ನಾಲ್ಕಕ್ಕೆ ಅವನು ಮತ್ತೆ ಮಲಗಿದ. ಹುಡುಗಿ "ಬಲಗಡೆ, ಇನ್ನೊಂಚೂರು ಬಲಗಡೆ" ಅಂತ ಜೋಪಾನವಾಗಿ ಸರಿಸಿ, ಹೊರಗೆ ಹೋಗಿ ಬಾಗಿಲು ಹಾಕಿದಳು. ಕೋಣೆ ತಣ್ಣಗಿತ್ತು. ಮತ್ತೆ ಕುಡಿದ ಅರ್ಧ ಲೀಟರ್ ಕೆಳಕ್ಕೆ ಒತ್ತುತ್ತಿತ್ತು. ಆಗ ತಲೆಯ ಹಿಂದಿನ ಸ್ಪೀಕರಿನಿಂದ ಆ ದನಿ ಬಂತು.

"ಹೋಲ್ಡಾನ್."

ಅವನು ಹಿಡಿದ. ಎದುರು ರಸ್ತೆಯನ್ನು ನೋಡಿದ ಹಾಗೆ ಸೂರನ್ನು ನೋಡುತ್ತ ಮಲಗಿದ. ಮೇಜು ಒಳಗೆ ಸರಿಯಿತು, ಯಂತ್ರ ಗುಂಯ್ ಅಂದಿತು, ಗುರುತಿಗೆಂದು ಸೊಂಟಕ್ಕೆ ಮೂರು ಚುಕ್ಕೆ ಚುಚ್ಚಿದ್ದೂ ಆಯಿತು. "ಮುಗೀತು ಸರ್, ಏಳಿ," ಅಂದಳು ಹುಡುಗಿ. ಇವನು ಅಲುಗಲಿಲ್ಲ. ಹೆಂಡತಿಯೇ ಬಂದು ತೋಳು ಹಿಡಿದು ಎಬ್ಬಿಸಿದಳು. ಕಾರಿಡಾರಿನ ಉದ್ದಕ್ಕೂ "ಹೋಲ್ಡಾನ್, ಹೋಲ್ಡಾನ್" ಅನ್ನುತ್ತ ನಡೆಸಿದಳು, ಶೌಚಾಲಯದೊಳಗೆ ಬಿಟ್ಟು ಬಾಗಿಲು ಎಳೆದುಕೊಂಡಳು. ಆಮೇಲೆ ಹೊರಗೆ ನಿಂತು, ಇಡೀ ಆಸ್ಪತ್ರೆಗೆ ಕೇಳುವ ಹಾಗೆ "ರೈಟ್" ಅಂದಳು. ಒಳಗಿನ ಸದ್ದು ಕೇಳುತ್ತ, ಗೋಡೆಗೆ ಒರಗಿ ಅತ್ತುಬಿಟ್ಟಳು.

ಅವನು ಕೈ ಒರೆಸಿಕೊಳ್ಳುತ್ತ ಬಂದ. ಯಾರ ಹತ್ತಿರವೂ ಏನನ್ನೂ ಬೇಡಿದ ಗಂಡಸಲ್ಲ ಅವನು.

"ಮೂವತ್ಮೂರು ದಿನಾನೂ ಬರ್ತೀಯಾ? ನಂಗೆ ಭಯ ಆಗತ್ತೆ," ಅಂದ.

"ಕಂಡಕ್ಟರ್ ಇಲ್ದೆ ಗಾಡಿ ಬಿಡೋಹಾಗಿಲ್ಲ, ರೂಲ್ಸ್ ಮರ್ತ್ರಾ?" ಅಂದಳು. ಅವನ ಕೈಯಲ್ಲಿದ್ದ ಫೈಲು ತಾನು ತೆಗೆದುಕೊಂಡು ಬಗಲಿಗೆ ಸಿಕ್ಕಿಸಿದಳು. ಹೊರಬಾಗಿಲ ಹತ್ತಿರ ಅವನು ಹಳೇ ರೂಢಿಯಂತೆ ನಿಂತು, ಅವಳು ಹೇಳಲಿ ಅಂತ ಕಾದ.

"ರೈ..." ಅಂದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. "ನಡೀರಿ," ಅಂದಳು.