ಬಂದದ್ದು ಬಂದ ಹಾಗೆ

ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರೂ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನಿಜವಾಗಿ ಹಾಗೆ ಕರೆಯಬೇಕಾದವಳು ಒಬ್ಬಳೇ. ಅವಳು ಮಾತ್ರ ಕರೆಯುತ್ತಿರಲಿಲ್ಲ.

ತಾಯಿ ತೀರಿಕೊಂಡ ಮೇಲೆ ಅಕ್ಕತಂಗಿಯರ ನಡುವೆ ಜಗಳ ಹುಟ್ಟಿದ್ದು ತಾಯಿಯ ಹೊಲಿಗೆ ಯಂತ್ರಕ್ಕೆ. ತಂಗಿ ಕೆಲಸಕ್ಕೆ ಹೋಗಿದ್ದ ಹೊತ್ತು ನೋಡಿ ಅಕ್ಕ ಅದನ್ನು ಅವಳ ಮನೆಯಿಂದ ಕೈಗಾಡಿಗೆ ಹೇರಿಸಿ ತನ್ನ ಮನೆಗೆ ತಂದುಬಿಟ್ಟಳು. ಕೇಳಿದ್ದರೆ ತಂಗಿ ಕೊಡುತ್ತಿದ್ದಳೋ ಏನೋ, ಇವಳು ಕೇಳಲಿಲ್ಲ. ಅತ್ತಲಿಂದ "ಕಳ್ಳಿ" ಎಂಬ ಮಾತು ಬಂತು. ಇತ್ತಲಿಂದ "ಅಮ್ಮನ ಹಾಸಿಗೆಯ ಪಕ್ಕ ಕೂತವಳು ಯಾರು?" ಎಂಬ ಮಾತು ಹೋಯಿತು. ಅಲ್ಲಿಗೆ ಎರಡು ಮನೆಗಳ ನಡುವೆ ಮಾತು ನಿಂತಿತು.

ತಂದಳೇ ಹೊರತು ಅಕ್ಕ ಆ ಯಂತ್ರದಲ್ಲಿ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ತಾಯಿ ಅರ್ಧ ಹೊಲಿದು ಬಿಟ್ಟ ದಿಂಬಿನ ಚೀಲ ಸೂಜಿಯ ಕೆಳಗೆ ಹಾಗೆಯೇ ಇತ್ತು. ಬೆಳಗಿನ ಪ್ರಾರ್ಥನೆ ಮುಗಿಸಿ ಆಕೆ ಅದರ ಧೂಳು ಒರೆಸುವಳು, ಮತ್ತೆ ಬಟ್ಟೆ ಮುಚ್ಚುವಳು. ಮನೆಯಲ್ಲಿ ಆ ಕಟಕಟ ಸದ್ದು ಇಲ್ಲವಲ್ಲ ಎಂಬುದೇ ಆಕೆಯ ದುಃಖ. ಸದ್ದು ಮಾಡುತ್ತಿದ್ದುದು ಯಂತ್ರವಲ್ಲ, ತಾಯಿ ಎಂಬುದು ಅದು ಮನೆಗೆ ಬಂದ ಮೇಲೆಯೇ ತಿಳಿಯಿತು.

ಹೀಗಿರುವಾಗ ಒಂದು ಭಾನುವಾರ ಚಿಕ್ಕಮ್ಮ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಶುರುಮಾಡಿದಳು.

"ನಿನ್ನ ತಂಗಿಗೆ ಏಳು ತಿಂಗಳು. ಗೊತ್ತಾ?"

"ನನಗ್ಯಾರು ಹೇಳ್ತಾರೆ?"

"ನಾನೇ ಹೇಳ್ತಿದ್ದೀನಲ್ಲ. ದೊಡ್ಡಮ್ಮ ಆಗೋಳು ನೀನು. ಹೀಗೇ ಮುಖ ಊದಿಸ್ಕೊಂಡಿರು, ಮಗು ನಿನ್ನ ನೋಡಿ 'ಯಾರಿವರು' ಅಂತ ಕೇಳುತ್ತೆ."

ಚಿಕ್ಕಮ್ಮ ಹೋದ ಮೇಲೂ ಆ ಪ್ರಶ್ನೆ ಮನೆಯಲ್ಲೇ ಉಳಿಯಿತು. ಮಗು ಹುಟ್ಟುವ ಮೊದಲು ತಂಗಿ ಬಾಗಿಲು ತೆಗೆದಾಳೇ? ಎದುರಿಗೆ ಹೋಗಿ ನಿಲ್ಲಲು ಧೈರ್ಯವಿರಲಿಲ್ಲ. ಮುಖಕ್ಕೆ ಹೊಡೆದಂತೆ ಕದ ಮುಚ್ಚಿದರೆ ಮತ್ತೆ ಯಾವ ದಾರಿ?

ದಾರಿ ಆಫೀಸಿನಲ್ಲೇ ಸಿಕ್ಕಿತು.

ವಿಶ್ವವಿದ್ಯಾಲಯದ ಕಂಪ್ಯೂಟರುಗಳದು ಒಂದು ಜಾಲ; ಊರಾಚೆಯ ಹವಾಮಾನ ಕಚೇರಿಯದು ಇನ್ನೊಂದು. ಎರಡರಲ್ಲೂ ಟೆಲಿಫೋನ್ ತಂತಿಯ ಮೇಲೆ ಇ-ಮೇಲ್ ಓಡಾಡುತ್ತಿತ್ತು, ಆದರೆ ಇಲ್ಲಿಯದು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಇಲ್ಲಿ ವಿಳಾಸವೆಂದರೆ ಪತ್ರ ಪಡೆಯುವವರ ಹೆಸರು, ಆಮೇಲೆ ಅವರ ಯಂತ್ರದ ಹೆಸರು. ಅಲ್ಲಿ ಹಾಗಲ್ಲ, ಪತ್ರ ಹಾದುಹೋಗಬೇಕಾದ ಯಂತ್ರಗಳನ್ನೆಲ್ಲ ದಾರಿ ಹೇಳಿದಂತೆ ಸಾಲಾಗಿ ಬರೆದು, ಕೊನೆಗೆ ಪಡೆಯುವವರ ಹೆಸರು. ಎರಡು ಪದ್ಧತಿಯನ್ನೂ ಬಲ್ಲ ಕಂಪ್ಯೂಟರೊಂದನ್ನು ಪ್ರೊಫೆಸರು ನಡುವೆ ಇರಿಸಿ ಅದಕ್ಕೆ 'ಬಾಗಿಲು' ಎಂದು ಹೆಸರಿಟ್ಟಿದ್ದರು. ಸೋಮವಾರ ಅದು ಎಲ್ಲರಿಗೂ ತೆರೆಯಬೇಕು. ಅಷ್ಟರಲ್ಲಿ ಪರೀಕ್ಷೆ ಮುಗಿಯಬೇಕು. ಇತ್ತ ಪರೀಕ್ಷೆಗೆ ನಿಂತವಳು ಅಕ್ಕ. ಅತ್ತ ಯಾರೆಂದು ವಿಳಾಸ ನೋಡಿದರೆ, ಅಲ್ಲೇ ಕೆಲಸಕ್ಕಿದ್ದ ತಂಗಿ!

ಪ್ರೊಫೆಸರ ನಿಯಮ ಒಂದೇ: ಪತ್ರ ಪಡೆದವರು ಬಂದದ್ದನ್ನು ಬಂದ ಹಾಗೆಯೇ ಹಿಂದಿರುಗಿಸಬೇಕು. ಒಂದಕ್ಷರ ಸೇರಿಸಬಾರದು, ಒಂದಕ್ಷರ ಬಿಡಬಾರದು. ಕಳಿಸಿದ್ದಕ್ಕೂ ಮರಳಿದ್ದಕ್ಕೂ ವ್ಯತ್ಯಾಸ ಕಂಡರೆ ತಪ್ಪು ಬಾಗಿಲಿನದು.

ಮೊದಮೊದಲು ಬಾಗಿಲು ಬಹಳ ಕಾಟ ಕೊಟ್ಟಿತು. ಒಮ್ಮೆ ವಿಳಾಸವನ್ನು ತಲೆಕೆಳಗಾಗಿ ಓದಿತು. ಒಮ್ಮೆ ಯಾರದೋ ಪತ್ರದ ಬಾಲವನ್ನು ಇನ್ಯಾರದೋ ಪತ್ರಕ್ಕೆ ಅಂಟಿಸಿತು. ಪಕ್ಕದ ಮೇಜಿನ ದಪ್ಪ ಕನ್ನಡಕದವನು, ಎಲ್ಲರೂ ಸೋಡಾಬುಡ್ಡಿ ಎನ್ನುತ್ತಿದ್ದವನು, ನಗುತ್ತಿದ್ದ.

"ಅಕ್ಕ, ನಿಮ್ಮ ಪತ್ರ ಬಾಗಿಲ ತನಕ ಹೋಗಿ, ಚಪ್ಪಲಿ ಬಿಟ್ಟು, ಮತ್ತೆ ಮೆಟ್ಕೊಂಡು ಬಂದಿದೆ ನೋಡಿ."

"ನಿನ್ನ ಬಾಯಿ ಒಂದೇ ಸರಿಯಾಗಿ ಕೆಲಸ ಮಾಡ್ತಿದೆ ಈ ಕೋಣೇಲಿ."

ಕೊನೆಗೆ 'ಒಂದು ಎರಡು ಮೂರು' ಎಂಬ ಪತ್ರ ಅತ್ತ ಹೋಗಿ, 'ಒಂದು ಎರಡು ಮೂರು' ಎಂದೇ ಮರಳಿ ಬಂತು. ಪ್ರೊಫೆಸರಿಗೆ ಅದು ಸಾಲಲಿಲ್ಲ.

"ಇದೇನಮ್ಮ, ಒಂದನೇ ಕ್ಲಾಸಾ? ಮನುಷ್ಯರು ಬರೆಯೋ ಹಾಗೆ ಏನಾದ್ರೂ ಬರೀರಿ. ಮನಸ್ಸಿಗೆ ತೋಚಿದ್ದು."

ಮನಸ್ಸಿಗೆ ತೋಚಿದ್ದನ್ನು ಬರೆಯಿರಿ ಎಂದರೆ ಆಕೆ ಏನು ಮಾಡಿಯಾಳು? ಕಣ್ಣು ಮುಚ್ಚಿ ಒಂದು ಸಲ ದೇವರನ್ನು ನೆನೆದಳು, ತಾಯಿಯನ್ನು ನೆನೆದಳು, ಟೈಪು ಮಾಡಿದಳು: 'ಕೋಪ ಸಾಕು. ತಪ್ಪು ನನ್ನದೇ. ಅಮ್ಮನ ಯಂತ್ರ ತರುತ್ತೇನೆ, ಬಾಗಿಲು ತೆಗೆ.' ಮನಸ್ಸು ಬದಲಾಗುವ ಮೊದಲೇ ಕಳಿಸಿಬಿಟ್ಟಳು.

ಉತ್ತರ ಬಂದದ್ದು ಮಾರನೆಯ ದಿನ ಊಟದ ಹೊತ್ತಿಗೆ. ಪರದೆಯ ಮೇಲೆ ಮೊದಲ ಸಾಲು ಮೂಡಿತು: 'ಕೋಪ ಸಾಕು. ತಪ್ಪು ನನ್ನದೇ.'

ಒಂದು ಕ್ಷಣ ಅಕ್ಕನ ಮನಸ್ಸು ಹಗುರಾಗಿ ಹಾರಿತು. ಮರುಕ್ಷಣ ನೆಲಕ್ಕಿಳಿಯಿತು. ಇದು ತಂಗಿಯ ಮಾತಲ್ಲ, ತನ್ನದೇ ಮಾತು, ನಿಯಮದಂತೆ ಮರಳಿದೆ. ಅವಳು ಇದನ್ನು ಓದಿ ಕಣ್ಣೊರೆಸಿಕೊಂಡಳೋ, ಬರೀ ಪರೀಕ್ಷೆಯೆಂದು ಗುಂಡಿ ಒತ್ತಿದಳೋ, ಹೇಗೆ ತಿಳಿಯುವುದು? ಆಕೆ ಸೆರಗು ಮುಖಕ್ಕೆ ಒತ್ತಿಕೊಂಡಳು.

ಅಷ್ಟರಲ್ಲಿ ಹಿಂದೆ ನಿಂತಿದ್ದ ಪ್ರೊಫೆಸರು ಚೀರಿದರು.

"ಅಯ್ಯಯ್ಯೋ! ಇದೆಲ್ಲಿಂದ ಬಂತು?"

ಪತ್ರದ ಕೆಳಗೆ ಇನ್ನೊಂದು ಸಾಲಿತ್ತು: 'ಸೂಜಿಗೆ ತುಕ್ಕು ಹಿಡಿದಿರುತ್ತದೆ, ಹೊಸದು ತಾ. ದೊಡ್ಡಮ್ಮ ಬರಿಗೈಯಲ್ಲಿ ಬರಬಾರದು.'

"ಮತ್ತೆ ಬಾಲ ಅಂಟಿಸಿದೆ ದರಿದ್ರ ಯಂತ್ರ!" ಪ್ರೊಫೆಸರು ಹಣೆ ಬಡಿದುಕೊಂಡರು. "ಯಾರ ಪತ್ರದ್ದು ಇದು? ಯಾರಯ್ಯ ಈ ದೊಡ್ಡಮ್ಮ?"

"ನಮ್ಮ ಜಾಲದಲ್ಲಿ ಯಾರೂ ಇಲ್ಲ ಸಾರ್," ಎಂದ ಸೋಡಾಬುಡ್ಡಿ. "ಹವಾಮಾನದವರ ದೊಡ್ಡಮ್ಮ ಇರಬೇಕು. ಸೂಜಿ ಅಂದ್ರೆ ಗಾಳಿ ಅಳೆಯೋ ಸೂಜಿ."

"ಸೋಮವಾರ ಬೇಡ. ಬಾಗಿಲು ಮುಚ್ಚಿ. ಎಲ್ಲಾ ಮೊದಲಿಂದ."

ಬಾಗಿಲು ಮುಚ್ಚಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅಕ್ಕ ಎದ್ದು ನಿಂತಳು. ಕಣ್ಣಲ್ಲಿ ನೀರು, ಮುಖದಲ್ಲಿ ನಗು.

"ಮುಚ್ಚಬೇಡಿ ಸಾರ್. ಬಾಗಿಲು ಸರಿಯಾಗೇ ಇದೆ. ಆ ದೊಡ್ಡಮ್ಮ ನಾನೇ."

"ನೀವಾ?"

"ಹೌದು. ಅಲ್ಲಿರೋಳು ನನ್ನ ತಂಗಿ. ಆ ಸಾಲು ಅವಳೇ ಸೇರಿಸಿದ್ದು."

ಪ್ರೊಫೆಸರು ಕಳಿಸಿದ ಪತ್ರವನ್ನೂ ಮರಳಿದ ಪತ್ರವನ್ನೂ ಮತ್ತೊಮ್ಮೆ ಓದಿದರು. ಈ ಸಲ ಅಕ್ಷರ ಎಣಿಸಲು ಅಲ್ಲ.

"ನಿಯಮ ಮುರಿದಿದ್ದಾಳಲ್ಲ?"

"ಚಿಕ್ಕಂದಿನಿಂದ ಹಾಗೇ ಸಾರ್, ಹೇಳಿದ ಮಾತು ಕೇಳೋಳಲ್ಲ."

"ಹೂಂ. ಹಾಗಾದ್ರೆ ನೀವಿನ್ನೂ ಯಾಕೆ ಇಲ್ಲೇ ನಿಂತಿದ್ದೀರಿ? ಹೊರಡಿ. ಸೂಜಿ ಅಂಗಡಿ ಸಂಜೆ ಬೇಗ ಮುಚ್ತಾರೆ."

ಕೈಗಾಡಿಯವನು ಅವನೇ ಸಿಕ್ಕಿದ. "ಇದನ್ನ ಇಲ್ಲಿಗೆ ತಂದವನೂ ನಾನೇ ಅಲ್ವಾ ಅಮ್ಮ?" ಎಂದ. "ಬಂದ ಹಾಗೇ ವಾಪಸ್ ತಗೊಂಡು ಹೋಗಪ್ಪ," ಎಂದಳು ಅಕ್ಕ.

ತಂಗಿಯ ಮನೆಯ ಕದ ತಟ್ಟಬೇಕಾಗಲಿಲ್ಲ, ತೆರೆದೇ ಇತ್ತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತಂಗಿ ಹೊಸ್ತಿಲಲ್ಲಿ ನಿಂತಿದ್ದಳು. ಅವಳು ಯಂತ್ರದ ಬಟ್ಟೆ ಸರಿಸಿ ಅರ್ಧ ಹೊಲಿದ ದಿಂಬಿನ ಚೀಲ ನೋಡಿದಳು. ನೀಲಿ ದಾರ ಇನ್ನೂ ಸೂಜಿಯಲ್ಲೇ ಇತ್ತು.

"ಅಮ್ಮ ಪೋಣಿಸಿದ ದಾರ," ಎಂದಳು ತಂಗಿ ಮೆಲ್ಲಗೆ. "ನೀನು ಮುಟ್ಟೇ ಇಲ್ಲ."

"ಹೇಗೆ ಮುಟ್ಟಲಿ?"

ತಂಗಿ ಮೂಗೊರೆಸಿಕೊಂಡಳು. ಆಮೇಲೆ ಹಳೆಯ ದನಿ ಮರಳಿತು. "ಅಂತೂ ತಪ್ಪು ನಿನ್ನದೇ ಅಂತ ಒಪ್ಪಿಕೊಂಡೆ."

"ನೀನೂ ಹಾಗೇ ಬರೆದು ಕಳಿಸಿದ್ದೀಯಲ್ಲೇ! ತಪ್ಪು ನನ್ನದೇ ಅಂತ. ಪ್ರೊಫೆಸರೇ ಓದಿದ್ದಾರೆ."

"ಅದು ನಿಯಮ ಅಕ್ಕ. ಬಂದದ್ದು ಬಂದ ಹಾಗೆ."

"ನಿಯಮ ಪಾಲಿಸೋಳಾ ನೀನು?"

ತಂಗಿ ನಕ್ಕುಬಿಟ್ಟಳು. ಅಕ್ಕ ಹೊಸ ಸೂಜಿ ಹಾಕಿ, ಅದೇ ನೀಲಿ ದಾರವನ್ನು ಪೋಣಿಸಿ, ಕೂತಳು. ಮೊದಲು ಗಾಲಿ ಮುನಿಸಿಕೊಂಡಂತೆ ಕಿರುಗುಟ್ಟಿತು. ಆಮೇಲೆ ಕಟಕಟ ಎಂದು ಓಡತೊಡಗಿತು.